ಅಂಗಳದ ಟಾಕಿ

“ನಾ ಉದಗೀರದಾಕಿ. ಸಣ್ಣಾಕಿ ಇದ್ದಾಗ ಟಾಂಕಿ ಅಂದ್ರ ನಮಗ ಟೇಶನದಾಗಿಂದು. ಕಬ್ಬಿಣದ ಕಾಲ ಮ್ಯಾಲ ಎತ್ತರಕ್ಕ ಕುಂತಿತ್ತು. ಇಂಜಿನ್ನು ಬಂದು ಅದರ ಕೆಳಗ ನಿಂತು ನೀರ ಕುಡೀತಿತ್ತು, ಎಮ್ಮಿ ಕುಡದಂಗ. ಲಗ್ನ ಆಗಿ ಉಮರ್ಗಾಕ್ಕ ಬಂದೆ. ಇಲ್ಲಿ ಅತ್ತಿಮನಿ ಅಂಗಳದಾಗ ಕಲ್ಲಹಾಸಿನ ಕೆಳಗ ನೀರು. ಇದೇನ್ರಿ ಅಂದ್ರ ನಮ್ಮತ್ತಿ ಅಂದರು, ಇದು ಟಾಕಿ. ಕಬ್ಬಿಣದ್ದೂ ಅಲ್ಲ, ಎತ್ತರದಾಗೂ ಇಲ್ಲ, ಇದ್ಯಾತರ ಟಾಕಿ ಅಂತ ನಾ ನಕ್ಕೆ. ಆಮ್ಯಾಲ ಫೌಜು ಬಂತು. ಟ್ಯಾಂಕು ಬರ್ಲಕತ್ತಾವ ಅಂತ ಒಬ್ಬಂವ ಒದರಕೋತ ಓಡಿದ. ನಮ್ಮತ್ತಿ ಕೇಳಿದರು, ಅಲ್ಲೋ, ಟಾಕಿಗಿ ಕಾಲ ಬಂದಾವೇನು? ಈಗ ಅಳಿಯಂದಿರ ಫಟಫಟಿ ಮ್ಯಾಲ ಒಂದದ, ಅದರಾಗ ಪೆಟ್ರೋಲು. ದುಷ್ಕಾಳ ಬಿತ್ತು, ಲಾರಿ ಮ್ಯಾಲ ಒಂದು ಕುಂತು ಬಂತು. ಕಾಮಗಾರಿದಾಗ ಹೆಣ್ಮಕ್ಕಳು ಕಲ್ಲ ಹೊತ್ತು ತಗ್ಗ ತೋಡತಾರ, ಸಾಹೇಬ ಬಂದು ಆ ಒಣಾ ತಗ್ಗಿಗೂ ಟ್ಯಾಂಕ ಅಂತಾನ. ಅಳಿಯಂದಿರು ಸಾಲಿ ಮಾಸ್ತರು. ಈ ಮಾತು ಮೊದಲ ನಮ್ಮ ಕಡಿದೇ ಅಂತಾರ, ಗುಜರಾತಿ ಮಂದೀದು, ಮರಾಠಿ ಮಂದೀದು. ಗೋರ್ಯಾ ಸಾಹೇಬರು ಇಲ್ಲಿ ಕೇಳಿ ಒಯ್ದರಂತ. ಹಡಗದಾಗ ಬಂದ ಪೋರ್ತುಗೀಜ ಮಂದಿ ಬಾಯಾಗೂ ಅಂಥದೊಂದು ಮಾತಿತ್ತಂತ, ಕೊಳಕ್ಕ ಅನ್ನೂದು. ಎರಡೂ ಕೂಡಿ ಒಂದಾದವಂತ. ದೊಡ್ಡ ಲಡಾಯಿದಾಗ ತೋಫಿನ ಗಾಡಿ ಮಾಡುಮುಂದ ವೈರಿಗಿ ಸುಳುವು ಸಿಗಬಾರದಂತ ಕಾರಖಾನಿ ಮಂದಿಗಿ ನೀರಿನ ಟಾಕಿ ಮಾಡ್ಲಕತ್ತೀರಿ ಅಂದಿದ್ರಂತ. ಅದೇ ಹೆಸರು ನಿಂತುಬಿಟ್ಟಿತು. ಹಂಗಾದ್ರ ನಮ್ಮ ಅಂಗಳದಿಂದ ನೀರ ತರ್ಲಕ್ಕ ಹೋದ ಮಾತು ತೋಫು ಹೊತ್ಕೊಂಡು ತಿರುಗಿ ಬಂತು. ಬರಲಿ. ನನಗ ಟಾಕಿ ಅಂದ್ರ ಒಂದೇ. ಆ ಕಲ್ಲಹಾಸು, ಅದರ ಮ್ಯಾಲ ಹೊರಸು ಹಾಕ್ಕೊಂಡು ಕುಂತ ನಮ್ಮ ಭಾವನೋರು.”

ಉಮರ್ಗಾದ ಹಳೇ ಪೇಟೆಯ ಪ್ರಯಾಗಬಾಯಿ ಹೀಗೆ ಹೇಳುತ್ತ ಹೋದರೆ, ಕೇಳುವವರು ನಗುತ್ತ ಶುರುಮಾಡಿ ಕಡೆಗೆ ಸುಮ್ಮನಾಗುತ್ತಿದ್ದರು. ಟಾಕಿಯ ಮೇಲೆ ಆ ಹೊರಸು, ಹಗ್ಗದ ಮಂಚ, ಯಾಕೆ ಬಂತು ಎನ್ನುವುದು ಪೇಟೆಯವರಿಗೆ ಗೊತ್ತಿತ್ತು. ಹೊರಗಿನವರಿಗೆ ಮಾತ್ರ ಬಿಡಿಸಿ ಹೇಳಬೇಕಾಗುತ್ತಿತ್ತು.

ಅದು ಕಾಳುಕಡಿ ವ್ಯಾಪಾರದ ಮನೆ. ಮುಂದೆ ಅಂಗಡಿ, ಹಿಂದೆ ಕಲ್ಲು ಹಾಸಿದ ಅಂಗಳ. ಅಂಗಳದ ಕೆಳಗೆ ಬಂಡೆ ಕೊರೆದು ಮಾಡಿದ ಟಾಕಿ. ಗೋಡೆಗೆ ಹತ್ತಿಕೊಂಡು ಒಳಗೆ ಇಳಿಯಲು ಮೆಟ್ಟಿಲು. ತಳದ ಸಂದಿಯಲ್ಲಿ ಒಂದು ಸಣ್ಣ ಸೆಲೆ ಇದ್ದುದರಿಂದ ಎಷ್ಟು ಸೇದಿದರೂ ಬೆಳಗಾಗುವುದರೊಳಗೆ ನೀರು ಮತ್ತೆ ಮೊದಲಿನ ಮಟ್ಟಕ್ಕೆ ಏರುತ್ತಿತ್ತು. ಪ್ರಯಾಗಬಾಯಿಯ ಮಾವ ರೇವಣಸಿದ್ಧಪ್ಪನವರು ಆ ನೀರನ್ನು ನಾಲ್ಕು ಪದರ ಅರಿವೆಯಲ್ಲಿ ಸೋಸಿಯೇ ಕುಡಿಯುವರು. ಕಟ್ಟುನಿಟ್ಟಿನ ಲಿಂಗವಂತರ ಮನೆಗಳಲ್ಲಿ ನಡೆಯುವ ಪದ್ಧತಿ ಅದು.

ನಲವತ್ತೆಂಟರಲ್ಲಿ ಫೌಜು ಬಂದ ದಿನ ಬೆಳಿಗ್ಗೆಯಷ್ಟೇ ಆಳು ಹಚ್ಚಿ ಟಾಕಿಯನ್ನು ತೊಳೆಯಲೆಂದು ಬರಿದು ಮಾಡಿದ್ದರು. ನೀರು ಇನ್ನೂ ಅರ್ಧಕ್ಕೂ ಏರಿರಲಿಲ್ಲ. ಸೊಲ್ಲಾಪುರದ ಕಡೆಯಿಂದ ಹೆದ್ದಾರಿಯ ಮೇಲೆ ಟ್ಯಾಂಕುಗಳು ಬರುತ್ತಿವೆ, ಗುಂಡು ಹಾರುತ್ತವೆ ಎಂಬ ಸುದ್ದಿ ಬಂದದ್ದೇ ತಡ, ಮನೆಯಲ್ಲಿದ್ದವರೆಲ್ಲ ಟಾಕಿಯ ಮೆಟ್ಟಿಲ ಮೇಲೆ ಇಳಿದು ಕುಳಿತರು. ಹಿರಿಯ ಸೊಸೆ ಶಕುಂತಲಾಬಾಯಿ, ಅತ್ತೆ, ಎಲ್ಲರಿಗಿಂತ ಕೆಳಗೆ ಮಾವನವರು, ಅವರ ಪಕ್ಕದಲ್ಲಿ ಪ್ರಯಾಗಬಾಯಿ. ಆಕೆಯ ಮಗಳು ಕುಸುಮಾ ಆಗ ಇನ್ನೂ ಮೊಲೆಗೂಸು, ಅಜ್ಜನ ತೊಡೆಯ ಮೇಲಿದ್ದಳು. ಟ್ಯಾಂಕುಗಳು ಹತ್ತಿರ ಬಂದಾಗ ಕಲ್ಲೇ ಗುಡುಗಿದಂತಾಯಿತು. ಕೂಸು ಬೆದರಿ, ಕೈಗೆ ಸಿಕ್ಕಿದ್ದನ್ನು ಹಿಡಿದು ಜಗ್ಗಿತು. ಸಿಕ್ಕಿದ್ದು ಅಜ್ಜನ ಕೊರಳ ಶಿವದಾರ. ದಾರ ಹರಿದು, ಬೆಳ್ಳಿಯ ಕರಡಿಗೆಯೊಳಗಿನ ಇಷ್ಟಲಿಂಗ ಕರಡಿಗೆ ಸಹಿತ ನೀರಿಗೆ ಬಿತ್ತು.

ಲಿಂಗ ಕಳೆದವನು ಉಣ್ಣುವಂತಿಲ್ಲ. ಮಠದ ಅಯ್ಯನವರು ಬಂದು ಹೊಸ ಲಿಂಗ ಕಟ್ಟುವವರೆಗೂ ಮಾವನವರ ನಾಲಗೆಗೆ ಏನೂ ತಾಗಲಿಲ್ಲ. ಇಳಿದು ಹುಡುಕುತ್ತೇವೆ ಎಂದವರಿಗೆ, ಕತ್ತಲಲ್ಲಿ ಲಿಂಗದ ಮೇಲೆ ಕಾಲು ಬಿದ್ದರೆ ಏನು ಗತಿ ಎಂದರು. ಸೇದಿ ಬರಿದು ಮಾಡಬೇಕೆಂದರೆ ಆ ಗದ್ದಲದಲ್ಲಿ ಆಳು ಸಿಗಲಿಲ್ಲ, ಮುಂದೆ ಜೋರಾದ ಮಳೆಗೆ ಸೆಲೆ ಬಿಡಲಿಲ್ಲ. ಹಾಸುಗಲ್ಲು ಮುಚ್ಚಿಸಿ, ಲಿಂಗ ಸಿಗುವ ತನಕ ಇದು ಲಿಂಗದ ನೀರು, ಯಾರೂ ಕಾಲಿಡಬಾರದು, ಯಾರೂ ಬಳಸಬಾರದು ಎಂದುಬಿಟ್ಟರು. ಸಾಯುವ ಮುಂದೆ ಹಿರಿಯ ಮಗ ಮಾಣಿಕಪ್ಪನ ಕೈ ಹಿಡಿದು ಅದೇ ಮಾತನ್ನು ಮತ್ತೆ ಹೇಳಿಸಿಕೊಂಡರು.

ಊರಲ್ಲಿ ಬಾವಿಗಳಿದ್ದವು, ಯಾರಿಗೂ ಅದರಿಂದ ತೊಂದರೆ ಆಗಲಿಲ್ಲ. ಕುಸುಮಾ ಬೆಳೆದಂತೆ ಓಣಿಯ ಹುಡುಗಿಯರು ಆಕೆಯನ್ನು ‘ಟಾಕಿಗಿ ಬೀಗಾ ಹಾಕಿದಾಕಿ’ ಎಂದು ಕಾಡುತ್ತಿದ್ದರು, ಆಕೆಯೂ ನಗುತ್ತಿದ್ದಳು. ಲಗ್ನವಾಗಿ ನಿಲಂಗಾಕ್ಕೆ ಹೋದಳು. ಗಂಡ ವೈಜನಾಥ ಅಲ್ಲಿ ಸಾಲಿ ಮಾಸ್ತರು.

ಎಪ್ಪತ್ತೆರಡರಲ್ಲಿ ಮಳೆ ಕೈಕೊಟ್ಟಿತು. ಎಪ್ಪತ್ಮೂರರ ಬೇಸಿಗೆಗೆ ಪೇಟೆಯ ಬಾವಿಗಳೆಲ್ಲ ಒಣಗಿ ಪಾರಿವಾಳಗಳು ಒಳಗೆ ಗೂಡು ಕಟ್ಟಿದವು. ಓಣಿಯ ಹೆಂಗಸರು ಕೊಡ ಹೊತ್ತು ಮನೆಯ ಮುಂದೆ ಹಾಯುವಾಗ ತಲೆಬಾಗಿಲೊಳಗಿಂದ ಆ ಹಾಸುಗಲ್ಲನ್ನು ನೋಡಲಾರಂಭಿಸಿದರು. ಯಾರೂ ಏನೂ ಕೇಳಲಿಲ್ಲ. ಆದರೆ ಮಾಣಿಕಪ್ಪ ಆ ನೋಟ ತಡೆಯಲಾರದೆ ತನ್ನ ಹೊರಸನ್ನು ಕಲ್ಲಿನ ಮೇಲೆಯೇ ಹಾಕಿಕೊಂಡ. ಅವನೇನು ಕೆಟ್ಟವನಲ್ಲ. ಮನೆಗೆ ಬಂದ ನೀರಿನಲ್ಲಿ ಎಲ್ಲರಿಗಿಂತ ಕಡಿಮೆ ಕುಡಿಯುವವನು ಅವನೇ. ಸ್ನಾನ ಬಿಟ್ಟು, ಮೈಗೆ ವಿಭೂತಿ ಧರಿಸಿ, ಒಂದು ಉದ್ಧರಣೆ ನೀರಿನಲ್ಲಿ ಲಿಂಗಪೂಜೆ ಮುಗಿಸುತ್ತಿದ್ದ.

ನಿಲಂಗಾದಲ್ಲಿ ಇನ್ನೂ ಕಷ್ಟವೆಂದು ಕುಸುಮಾ ತನ್ನ ಕೂಸನ್ನು ಎತ್ತಿಕೊಂಡು ತವರಿಗೆ ಬಂದಿದ್ದಳು. ಕೂಸು ಆಗತಾನೇ ಕೂರಲು ಕಲಿತಿತ್ತು. ಹೆಣ್ಣುಕೂಸು, ಚಂಪಾ ಎಂದು ಹೆಸರಿಟ್ಟಿದ್ದರು. ಸರಕಾರದ ಟ್ಯಾಂಕರು ಬಂದು ಓಣಿಯ ಒಣಬಾವಿಗೆ ನೀರು ಸುರಿಯುವುದು, ಹೆಂಗಸರು ಮುಗಿಬಿದ್ದು ಸೇದುವುದು, ಹೀಗೆ ನಡೆದಿತ್ತು. ಒಂದು ದಿನ ಟ್ಯಾಂಕರು ಬರಲಿಲ್ಲ. ದಾರಿಯಲ್ಲಿ ಕೆಟ್ಟು ನಿಂತಿದೆ ಎಂದರು. ಮರುದಿನವೂ ಬರಲಿಲ್ಲ. ಓಣಿಯವರು ಹಳ್ಳದ ಉಸುಕಿನಲ್ಲಿ ತೋಡಿದ ಒರತೆಯ ರಾಡಿನೀರು ತಂದರು. ಅದನ್ನು ಕುಡಿದ ಮೇಲೆ ತಾಯಿಗೂ ಮಗುವಿಗೂ ವಾಂತಿಭೇದಿ ಹಿಡಿಯಿತು. ಕುಸುಮಾಳ ಎದೆಹಾಲು ಬತ್ತಿತು.

ಡಾಕ್ಟರು ಬಂದು ನೋಡಿದರು. ಕೂಸಿನ ಹೊಟ್ಟೆಯ ಚರ್ಮ ಹಿಡಿದು ಬಿಟ್ಟರೆ ಅದು ಹಿಡಿದಂತೆಯೇ ನಿಂತಿತು. ಏರಿಸಲು ಸಲೈನ್ ಬಾಟಲಿ ಇಲ್ಲ, ಇದ್ದವೆಲ್ಲ ಮುಗಿದಿವೆ. ಕುದಿಸಿ ಆರಿಸಿದ ಒಳ್ಳೆಯ ನೀರಿಗೆ ಸಕ್ಕರೆ, ಚಿಟಿಕೆ ಉಪ್ಪು ಹಾಕಿ ಚಮಚ ಚಮಚ ಕುಡಿಸುತ್ತಲೇ ಇರಿ, ವಾಂತಿ ಆದರೂ ನಿಲ್ಲಿಸಬೇಡಿ ಎಂದರು. ಬೆಳಗಾಗುವುದರೊಳಗೆ ಕೂಸು ಉಚ್ಚೆ ಹೊಯ್ದರೆ ಬದುಕಿತು, ಇಲ್ಲದಿದ್ದರೆ ಸೊಲ್ಲಾಪುರಕ್ಕೆ ಒಯ್ಯಿರಿ ಎಂದರು. ಸೊಲ್ಲಾಪುರದ ತನಕ ಕೂಸು ತಡೆಯುತ್ತದೆ ಎಂದು ಅವರೂ ಹೇಳಲಿಲ್ಲ, ಪ್ರಯಾಗಬಾಯಿಯೂ ಕೇಳಲಿಲ್ಲ.

ಆಚೆ ಮನೆಯ ಮಾಳವ್ವ ಓಣಿಯೆಲ್ಲ ತಿರುಗಿ ಒಂದು ತಂಬಿಗೆ ನೀರು ಕೂಡಿಸಿ ತಂದಳು. ಒಬ್ಬೊಬ್ಬರು ಒಂದೊಂದು ಬಟ್ಟಲು ಕೊಟ್ಟಿದ್ದರು. ಅದು ಮಧ್ಯಾಹ್ನದ ತನಕ ಬಂತು. ತಂಬಿಗೆಯ ತಳ ಕಂಡಾಗ ಮಾಳವ್ವ ಹೊಸ್ತಿಲಲ್ಲಿ ಕುಳಿತು ಅಂಗಳ ನೋಡಿದಳು. ಪ್ರಯಾಗಬಾಯಿಯೂ ನೋಡಿದಳು.

ಆ ಮನೆಯಲ್ಲಿ ಒಂದು ನೇಮವಿತ್ತು. ತಮ್ಮನ ಹೆಂಡತಿ ಗಂಡನ ಅಣ್ಣನ ಎದುರಿಗೆ ನಿಂತು ಮಾತಾಡುವಂತಿಲ್ಲ. ಪ್ರಯಾಗಬಾಯಿ ಈ ಮನೆಗೆ ಬಂದಾಗಿನಿಂದ ಮಾಣಿಕಪ್ಪನ ಜೊತೆ ಒಂದು ಮಾತನ್ನೂ ಆಡಿರಲಿಲ್ಲ. ಗಂಡ ನಾಗನಾಥ ತೀರಿಕೊಂಡ ಮೇಲೂ ಏನು ಬೇಕಿದ್ದರೂ ನೆಗೆಣ್ಣಿ ಶಕುಂತಲಾಬಾಯಿಗೆ ಹೇಳುವುದು, ಆಕೆ ಗಂಡನಿಗೆ ಮುಟ್ಟಿಸುವುದು. ಆ ಮಧ್ಯಾಹ್ನವೂ ಮೊದಲು ಹಾಗೆಯೇ ಆಯಿತು. ಶಕುಂತಲಾಬಾಯಿ ಹೋಗಿ ಕೇಳಿ ಬಂದಳು, ತಲೆ ಅಲ್ಲಾಡಿಸಿದಳು. ಇನ್ನೊಮ್ಮೆ ಹೋದಳು. ಈ ಸಲ ತಿರುಗಿ ಬರುವಾಗ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಳು.

ಒಳಗೆ ಕೂಸು ಅಳುವುದನ್ನು ಬಿಟ್ಟಿತ್ತು. ಅಳದೆ ಇದ್ದದ್ದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಪ್ರಯಾಗಬಾಯಿ ಎದ್ದಳು. ಸೆರಗನ್ನು ಹಣೆಯ ತನಕ ಎಳೆದುಕೊಂಡು, ಹೊಸ್ತಿಲು ದಾಟಿ, ಸುಡುವ ಅಂಗಳದಲ್ಲಿ ಹೊರಸಿನ ಎದುರಿಗೆ ನಿಂತಳು. ಶಕುಂತಲಾಬಾಯಿ ಬಾಗಿಲಲ್ಲೇ ಬಾಯಿಗೆ ಕೈ ಇಟ್ಟುಕೊಂಡಳು.

“ಭಾವನೋರೆ, ನಾ ಮಾತಾಡ್ಲಕತ್ತೀನಿ. ತಪ್ಪು ಅನ್ನೂದಿದ್ರ ಆಮ್ಯಾಲ ಅನ್ರಿ,” ಎಂದಳು.

ಮಾಣಿಕಪ್ಪ ಮುಖವನ್ನು ಗೋಡೆಯ ಕಡೆ ತಿರುವಿದ.

“ಮುಂಜಾನಿ ನೀವು ಲಿಂಗಕ್ಕ ನೀರ ಎರೀತೀರಿ. ಆ ನೀರ ನೆಲಕ್ಕ ಚೆಲ್ಲತೀರೇನು? ಅಂಗೈಯಾಗ ಹಿಡೀತೀರಿ, ಕುಡೀತೀರಿ. ಮಾವನೋರು ಬಳಸಬ್ಯಾಡ್ರಿ ಅಂದಾರ. ಕುಡೀಬ್ಯಾಡ್ರಿ ಅಂದಾರೇನ್ರಿ?”

 ಮಾಣಿಕಪ್ಪ ಬಾಗಿಲಲ್ಲಿದ್ದ ಹೆಂಡತಿಗೆ, ಗೋಡೆ ನೋಡುತ್ತಲೇ ಹೇಳಿದ. “ಆಕಿಗಿ ಹೇಳು. ಸಾಯೋ ಅಪ್ಪನ ಕೈಯಾಗ ಮಾತು ಕೊಟ್ಟಂವ ನಾ. ಇವತ್ತ ಕೂಸಿಗಿ ಅಂತ ತಗದ್ರ ನಾಳಿ ಎಮ್ಮಿಗಿ ಅಂತೀರಿ.”

ಪ್ರಯಾಗಬಾಯಿ ನಿಂತಲ್ಲೇ ನಿಂತಳು. ಹಿಂದೆ ಸರಿದರೆ ಮತ್ತೆ ಮುಂದೆ ಬರುವ ಧೈರ್ಯ ತನಗೆ ಇಲ್ಲವೆಂದು ಗೊತ್ತಿತ್ತು. ಧ್ವನಿ ಇಳಿಸಿ ಮಾತಾಡಿದಳು, ಅವನು ಕೇಳಲೆಂದೇ ಬಾಗಬೇಕಾಗುವಷ್ಟು ಮೆಲ್ಲಗೆ.

“ಆವತ್ತ ನೀವು ಅಂಗಡಿದಾಗ ಇದ್ರಿ. ನಾ ಮಾವನೋರ ಮಗ್ಗಲದಾಗಿದ್ದೆ. ದಾರ ಹರೀತು, ಕರಡಿಗಿ ತೊಡಿ ಮ್ಯಾಲ ಬಿತ್ತು, ತೊಡಿಯಿಂದ ಉರುಳಿತು. ಒಂದ ಕೈ ಬಿಟ್ಟಿದ್ರ ಹಿಡೀಬಹುದಿತ್ತು. ಕೈ ಬಿಟ್ಟಿದ್ರ ಕೂಸು ನೀರಾಗ ಹೋಗ್ತಿತ್ತು. ಅವರು ಎರಡೂ ಕೈಲಿ ಕೂಸಿನ್ನ ಅವುಚ್ಕೊಂಡು ಕುಂತರು. ಲಿಂಗ ಹೋಗೂದು ನೋಡಕೋತ ಕುಂತರು. ಆ ಕೂಸಿನ ಹೊಟ್ಟೀಲೆ ಹುಟ್ಟಿದ್ದು ಒಳಗ ಮಲಗ್ಯಾದ. ನಿಮ್ಮಪ್ಪ ಇದ್ದಿದ್ರ ಏನ ಮಾಡ್ತಿದ್ರು, ನೀವೇ ಹೇಳ್ರಿ.”

 ಮಾಣಿಕಪ್ಪ ಎದ್ದ. ಹೊರಸನ್ನು ಒಬ್ಬನೇ ಎಳೆದು ಬದಿಗೆ ಸರಿಸಿದ. ದೇವರ ಮನೆಗೆ ಹೋಗಿ ಪೂಜೆಯ ಗಿಂಡಿಯನ್ನು ತಂದು ಕಲ್ಲಿನ ಮೇಲೆ ಇಟ್ಟ. ಹಿತ್ತಾಳೆಯ ಸಣ್ಣ ಗಿಂಡಿ, ಲಿಂಗಕ್ಕೆ ನೀರೆರೆಯುವಂಥದು.

“ಕೊಡ ಇಳಿಸಬ್ಯಾಡ್ರಿ. ಇದು,” ಎಂದ. ಯಾರಿಗೆ ಹೇಳಿದನೋ ತಿಳಿಯಲಿಲ್ಲ.

ಹಾರೆ ಹಾಕಿ ಕಲ್ಲನ್ನು ಎಬ್ಬಿಸಲು ಮಾಳವ್ವ ಬಂದಳು. ಕಾಮಗಾರಿಯಲ್ಲಿ ಕಲ್ಲು ಹೊತ್ತು ಗಟ್ಟಿಯಾದ ಕೈ ಅವಳದು. ಕಲ್ಲು ಸರಿದಾಗ ಒಳಗಿಂದ ಹಳೆಯ ತಂಪು ವಾಸನೆ ಮುಖಕ್ಕೆ ಬಡಿಯಿತು. ಯಾರೂ ಬಗ್ಗಬಾರದೆಂದು ಮಾಳವ್ವ ತಡೆದು, ಒಂದು ಹಣತೆ ಹಚ್ಚಿ, ತಂತಿಗೆ ಕಟ್ಟಿ ಇಳಿಬಿಟ್ಟಳು. ನಾಲ್ಕಾರು ಮೆಟ್ಟಿಲು ಇಳಿಯುವುದರೊಳಗೆ ದೀಪ ಕುಗ್ಗಿತು, ನೀಲಿಯಾಯಿತು, ಆರಿತು.

ಬಾವಿ ತೋಡುವವರು ಮಾಡುವ ಉಪಾಯ ಅವಳಿಗೆ ಗೊತ್ತಿತ್ತು. ಬೇವಿನ ಟೊಂಗೆಗಳ ದೊಡ್ಡ ಕಟ್ಟನ್ನು ಹಗ್ಗಕ್ಕೆ ಬಿಗಿದು ಇಳಿಸುವುದು, ಜೋರಾಗಿ ಮೇಲಕ್ಕೆ ಎಳೆಯುವುದು, ಮತ್ತೆ ಇಳಿಸುವುದು. ಒಳಗಿನ ಕೆಟ್ಟ ಗಾಳಿ ಹೊರಗೆ ಬರಬೇಕು. ಮಾಳವ್ವ ಸೋತಾಗ ಪ್ರಯಾಗಬಾಯಿ ಎಳೆದಳು, ಪ್ರಯಾಗಬಾಯಿ ಸೋತಾಗ ಶಕುಂತಲಾಬಾಯಿ. ಒಳಗಿಂದ ಕುಸುಮಾ ಕ್ಷೀಣವಾಗಿ ಕರೆದಳು. ಕೂಸಿನ ಕಣ್ಣುಗುಡ್ಡೆ ಮೇಲಕ್ಕೆ ಏರುತ್ತಿವೆ ಎಂದಳು. ಪ್ರಯಾಗಬಾಯಿ ಹಗ್ಗ ಬಿಡಲಿಲ್ಲ. ಹೋಗಿ ಕೂತು ನೋಡಿದರೆ ನೀರು ಬರುವುದಿಲ್ಲ.

ಮತ್ತೆ ಹಣತೆ ಇಳಿಬಿಟ್ಟರು. ಈ ಸಲ ಜ್ಯೋತಿ ಅಲುಗಾಡಿತು, ಆರಲಿಲ್ಲ. ಇನ್ನೂ ಇಳಿಸಿದರು. ಕೆಳಗೆ ಇನ್ನೊಂದು ಜ್ಯೋತಿ ಕಂಡಿತು. ನೀರೊಳಗಿನ ನೆರಳು.

ಗಿಂಡಿಯನ್ನು ಇಳಿಸುವಾಗ ಮಾಣಿಕಪ್ಪ ತಾನೇ ಹಗ್ಗ ಹಿಡಿದ. ಮೊದಲ ಸಲ ಗಿಂಡಿ ಮೆಟ್ಟಿಲಿಗೆ ಬಡಿದು ಖಣ್ ಎಂದಿತು. ಎಲ್ಲರೂ ಬೆಚ್ಚಿದರು. ಎರಡನೆಯ ಸಲ ನೀರ ಮೇಲೆ ತೇಲಿ ಬರಿದೇ ಬಂತು. ಮೂರನೆಯ ಸಲ ಅವನು ಹಗ್ಗವನ್ನು ಸ್ವಲ್ಪ ಸಡಿಲಿಸಿ ತಟ್ಟನೆ ಜಗ್ಗಿದ. ಗಿಂಡಿ ಮುಳುಗಿದ ಸದ್ದು ಮೇಲಿನ ತನಕ ಕೇಳಿಸಿತು. ಬಂದ ನೀರು ತಿಳಿಯಾಗಿತ್ತು, ಮುಟ್ಟಿದರೆ ಕೈ ಜುಮ್ಮೆನ್ನುವಷ್ಟು ತಣ್ಣಗಿತ್ತು. ಪ್ರಯಾಗಬಾಯಿ ನಾಲ್ಕು ಪದರ ಅರಿವೆ ಹಿಡಿದಳು. ನೀರು ಇಳಿದುಹೋದ ಮೇಲೆ ಅರಿವೆಯನ್ನು ಬೆರಳಿನಿಂದ ತಡವಿ ನೋಡಿ, ಲಿಂಗದ ಸುಳಿವೇನೂ ಬಂದಿಲ್ಲವೆಂದು ಭಾವನ ಕಡೆ ತಲೆ ಅಲ್ಲಾಡಿಸಿದಳು. ಪ್ರತಿ ಗಿಂಡಿಗೂ ಹಾಗೆಯೇ.

ಕುದಿಸಿದ ನೀರು ಆರುವ ತನಕ ಕಾಯುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಶಕುಂತಲಾಬಾಯಿ ಪಾತ್ರೆಗೆ ಬೀಸಣಿಕೆ ಬೀಸುತ್ತ ಕುಳಿತಳು. ಮೊದಲ ಚಮಚ ಕೂಸಿನ ಬಾಯಿಯ ಮೂಲೆಯಿಂದ ಹೊರಗೆ ಹರಿಯಿತು. ಎರಡನೆಯದನ್ನು ಕೂಸು ಕಕ್ಕಿತು. ಪ್ರಯಾಗಬಾಯಿ ಡಾಕ್ಟರ ಮಾತು ನೆನೆದು ನಿಲ್ಲಿಸದೆ ಹನಿ ಹನಿ ಬಿಟ್ಟಳು. ಒಂದು ಸಲ ಕೂಸಿನ ಗಂಟಲು ಗುಟುಕ್ ಎಂದು ಅಲುಗಿತು. ಅಲ್ಲಿಂದ ಬೆಳಗಿನ ತನಕ ಮನೆಯಲ್ಲಿ ಚಮಚದ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ಮಾಣಿಕಪ್ಪ ಬಾಗಿಲ ಹೊರಗೆ ಗೋಡೆಗೆ ಒರಗಿ ಕುಳಿತೇ ಇದ್ದ.

ಕಾಗೆ ಕೂಗುವ ಹೊತ್ತಿಗೆ ಪ್ರಯಾಗಬಾಯಿಯ ತೊಡೆ ಬೆಚ್ಚಗಾಯಿತು. ಮೊದಲು ತಿಳಿಯಲಿಲ್ಲ. ಆಮೇಲೆ ಕೂಸಿನ ಕೆಳಗಿನ ಅರಿವೆ ಮುಟ್ಟಿ ನೋಡಿ, ಹಿಂಡಿ ನೋಡಿ, ಅದನ್ನು ಕುಸುಮಾಳ ಕೆನ್ನೆಗೆ ಹಚ್ಚಿದಳು. ಕುಸುಮಾ ನಗುತ್ತ ಅತ್ತಳು. ಶಕುಂತಲಾಬಾಯಿ ಆ ತೋಯ್ದ ಅರಿವೆಯನ್ನು ಇಸಿದುಕೊಂಡು ಹೊರಗೆ ಗಂಡನಿಗೆ ತೋರಿಸಲು ಹೋದಳು.

ಆವತ್ತಿನಿಂದ ಮಾಣಿಕಪ್ಪ ಹೊರಸನ್ನು ಮತ್ತೆ ಕಲ್ಲಿನ ಮೇಲೆ ಹಾಕಲಿಲ್ಲ. ಓಣಿಯ ಮನೆಮನೆಗೂ ಕುಡಿಯಲು ಎಂದು ಅಳೆದು ನೀರು ಕೊಡತೊಡಗಿದ. ತಾನೇ ಸೇದುವುದು, ತಾನೇ ಸೋಸುವುದು. ಪಾತ್ರೆ ತೊಳೆಯಲು, ಮೈ ತೊಳೆಯಲು, ದನಕ್ಕೆ, ಒಂದು ಹನಿಯೂ ಇಲ್ಲ. ಅಪ್ಪನ ಮಾತು ಅಷ್ಟರ ಮಟ್ಟಿಗೆ ಇನ್ನೂ ನಿಂತಿತ್ತು. ಕೂಸಿನ ಅರಿವೆಗಳನ್ನು ಪ್ರಯಾಗಬಾಯಿ ತೊಳೆಯದೆ ಬಿಸಿಲಿಗೆ ಒಣಗಿಸಿ, ಬೂದಿ ಹಾಕಿ ತಿಕ್ಕಿ, ಜಾಡಿಸಿ ಮತ್ತೆ ಹಾಸುತ್ತಿದ್ದಳು. ಕೂಸಿನ ತೊಡೆಗೆ ಕೆಂಪು ಗುಳ್ಳೆ ಎದ್ದವು. ಮಾಣಿಕಪ್ಪ ಅದನ್ನೂ ನೋಡಿದ.

ಸುದ್ದಿ ತಿಳಿದು ವೈಜನಾಥ ನಿಲಂಗಾದಿಂದ ಫಟಫಟಿ ಮೇಲೆ ಬಂದ. ಮಗಳು ಕೂತು ಆಡುವುದನ್ನು ಕಣ್ತುಂಬ ನೋಡಿದ ಮೇಲೆ ಅವನ ನಾಲಗೆ ಸಡಿಲಾಯಿತು. ಟಾಕಿಯ ಬಾಯಿಯ ಬಳಿ ಕುಳಿತು, ಈ ಮಾತು ಎಲ್ಲಿಂದ ಹೊರಟು ಎಲ್ಲೆಲ್ಲಿ ತಿರುಗಿ ಬಂತೆಂದು ಎಲ್ಲ ವಿವರಿಸಿ ಹೇಳಿದ. ಪ್ರಯಾಗಬಾಯಿ ಜೋಳ ಹಸನು ಮಾಡುತ್ತ ಕೇಳಿಕೊಂಡಳು. ಶಕುಂತಲಾಬಾಯಿಗೆ ಮಾತ್ರ ತಡೆಯಲಾಗಲಿಲ್ಲ.

“ಮಾತು ಯಾರದರೆ ಇರಲಿ ಮಾಸ್ತರ್ರ, ನೀರ ಯಾರದು ಅಂತ ನಿಮ್ಮ ಪುಸ್ತಕದಾಗ ಬರದಾರೇನು ನೋಡ್ರಿ,” ಎಂದಳು.

ಮಾಣಿಕಪ್ಪ ಕೂಡ ಮೀಸೆಯಡಿ ನಕ್ಕ. ನಕ್ಕು ಮತ್ತೆ ಹಗ್ಗ ಇಳಿಬಿಟ್ಟ.

ಸೆಲೆ ಆ ವರ್ಷ ಸತ್ತಿತ್ತು. ಸೇದಿದ ನೀರು ಸೇದಿದಂತೆಯೇ ಇಳಿಯುತ್ತ ಹೋಯಿತು. ಒಳ್ಳೆಯ ವರ್ಷಗಳಲ್ಲಿ ಎಂದೂ ಕಾಣದ ಮೆಟ್ಟಿಲುಗಳು ಒಂದೊಂದಾಗಿ ಕಂಡವು. ಇನ್ನು ಎಷ್ಟು ದಿನ ಬಂದೀತು, ಮುಗಿದರೆ ಓಣಿ ಏನು ಮಾಡೀತು ಎಂದು ಪ್ರಯಾಗಬಾಯಿ ದಿನವೂ ಬಗ್ಗಿ ನೋಡುತ್ತಿದ್ದಳು. ಮಳೆಯ ಮೋಡ ಬಂದು ಬಂದು ಹೋಗುತ್ತಿದ್ದ ಒಂದು ದಿನ, ಸೂರ್ಯ ನೆತ್ತಿಯ ಮೇಲಿದ್ದಾಗ, ಬಿಸಿಲ ಕೋಲು ನೇರವಾಗಿ ಒಳಗೆ ಬಿತ್ತು. ನೀರಿನಿಂದ ಆಗಷ್ಟೇ ಮೇಲೆದ್ದ ಮೆಟ್ಟಿಲಿನ ಮೂಲೆಯಲ್ಲಿ ಏನೋ ಕರ್ರಗೆ ದುಂಡಗೆ ಕೂತಿತ್ತು. ಮಾವನವರು ಆವತ್ತು ಕುಳಿತಿದ್ದ ಜಾಗಕ್ಕೆ ಒಂದೇ ಮೆಟ್ಟಿಲು ಕೆಳಗೆ. ತಳಕ್ಕೆ ಹೋಗಿರಲೇ ಇಲ್ಲ.

ಪ್ರಯಾಗಬಾಯಿ ಮತ್ತೊಮ್ಮೆ ಬಗ್ಗಿ ನೋಡಿದಳು. ಭಾವನ ಕಡೆ ತಿರುಗಿ ಬೆರಳು ತೋರಿಸಿದಳು.

ಮಾಣಿಕಪ್ಪ ಹಣತೆ ಇಳಿಸಿ ಗಾಳಿ ನೋಡಿ, ಕುಳಿತಲ್ಲಿಂದಲೇ ಒಂದೊಂದು ಮೆಟ್ಟಿಲು ಜಾರುತ್ತ, ಕಾಲಿಡುವ ಮೊದಲು ಕೈಯಿಂದ ತಡವುತ್ತ ಇಳಿದ. ಆ ವಯಸ್ಸಿಗೆ ಅದು ಸಣ್ಣ ಕೆಲಸವಲ್ಲ. ಶಕುಂತಲಾಬಾಯಿ ಮೇಲಿನಿಂದ ಶಿವ ಶಿವ ಎನ್ನುತ್ತಲೇ ಇದ್ದಳು. ಅವನು ಮೇಲೆ ಬಂದಾಗ ಬಾಯಲ್ಲಿ ಕಚ್ಚಿಹಿಡಿದ ಶಲ್ಯದ ಗಂಟಿನಲ್ಲಿ ಕರಡಿಗೆ ಇತ್ತು. ಬೆಳ್ಳಿ ಕಪ್ಪಾಗಿತ್ತು. ಮುಚ್ಚಳ ಬಿಗಿಯಾಗಿಯೇ ಇತ್ತು. ದಾರದ ಒಂದು ಎಳೆಯೂ ಉಳಿದಿರಲಿಲ್ಲ. ಅಪ್ಪನನ್ನು ಮಣ್ಣು ಮಾಡಿದ ಗದ್ದುಗೆ ಗುಂಜೋಟಿಯ ದಾರಿಯ ಹೊಲದಲ್ಲಿತ್ತು. ಅಲ್ಲಿಗೆ ಒಯ್ಯುತ್ತೇನೆಂದು ಮಾಣಿಕಪ್ಪ ತಲೆಗೆ ರುಮಾಲು ಸುತ್ತಿಕೊಂಡ.

ತಲೆಬಾಗಿಲಲ್ಲಿ ನಿಂತ. ತಿರುಗಿದ. ಹೆಂಡತಿಯ ಕಡೆ ನೋಡಲಿಲ್ಲ.

“ಪ್ರಯಾಗಾ,” ಎಂದ, “ಕೂಸಿನ ಅರಿವಿ ಒಗದು ಹಾಕವ್ವಾ. ನೀರ ಅವ.”

ಅವನು ಹೋದ ಮೇಲೆ ಪ್ರಯಾಗಬಾಯಿ ಕೊಡಕ್ಕೆ ಹಗ್ಗ ಬಿಗಿದು ಟಾಕಿಗೆ ಇಳಿಸಿದಳು. ಗಿಂಡಿಯಲ್ಲ, ಕೊಡ. ಅರ್ಧ ತುಂಬಿದ್ದನ್ನೇ ಎಳೆದು, ಅಂಗಳದ ಮೂಲೆಯ ಒಗೆಯುವ ಕಲ್ಲಿನ ಬಳಿ ಇಟ್ಟುಕೊಂಡು, ಸೀರೆಯ ನೆರಿಗೆ ಮೇಲಕ್ಕೆ ಸಿಕ್ಕಿಸಿ ಕುಳಿತಳು. ಬೂದಿ ಹಿಡಿದು ಬಿರುಸಾದ ಅರಿವೆಗಳನ್ನು ಒಂದೊಂದಾಗಿ ನೆನೆಸಿದಳು. ಮೊದಲ ನೀರು ಕಪ್ಪಗೆ ಬಂತು. ಅದನ್ನು ಚೆಲ್ಲದೆ ಎಮ್ಮೆಯ ಗೂಟದ ಬಳಿಯ ಬೇವಿನ ಬುಡಕ್ಕೆ ಹಾಕಿ, ಎರಡನೆಯ ನೀರಿನಲ್ಲಿ ಸಾಬೂನಿನ ತುಣುಕು ತಿಕ್ಕಿ, ಕುಕ್ಕಿ, ಹಿಂಡಿ, ಜಾಡಿಸಿ ಹಗ್ಗದ ಮೇಲೆ ಹರವತೊಡಗಿದಳು.